ಧನಾಗ್ರ, ಋಣಾಗ್ರ: ಪ್ಲಸ್ ಟೂ ರಸಾಯನದ ಒಂದು ಪಾಠದ ಬಗ್ಗೆ

ನಮ್ಮಲ್ಲಿ ವಿಮರ್ಶೆ ಅಂದ್ರೆ ಕತೆ, ಕವನ, ಕಾದಂಬರಿಗಳ ವಿಮರ್ಶೆ. ಪಠ್ಯಪುಸ್ತಕವನ್ನು ಯಾರೂ ವಿಮರ್ಶೆ ಮಾಡೋಕೆ ಹೋಗಲ್ಲ. ಅದು ಸರ್ಕಾರ ಕೊಟ್ಟದ್ದು, ಮಕ್ಕಳು ಓದೋದು, ಪರೀಕ್ಷೆ ಮುಗಿದ ಮೇಲೆ ಅಟ್ಟ ಸೇರೋದು. ಆದರೆ ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ ಕಡೆಯ ಮನೆಗಳಲ್ಲಿ ರಾತ್ರಿ ಹತ್ತರವರೆಗೆ ಕೂತು ಒಂದೇ ಪುಟವನ್ನು ಹತ್ತು ಸಲ ಓದಿಸಿಕೊಳ್ಳೋ ಪುಸ್ತಕ ಇನ್ಯಾವುದಿದೆ? ಇಷ್ಟು ಓದಿಸಿಕೊಳ್ಳುವ ಪುಸ್ತಕವನ್ನು ಒಮ್ಮೆಯಾದರೂ ವಿಮರ್ಶಕನ ಕಣ್ಣಿನಿಂದ ನೋಡಬೇಕು. ಅದಕ್ಕಾಗಿ ಪ್ಲಸ್ ಟೂ ರಸಾಯನಶಾಸ್ತ್ರದ ಎರಡನೇ ಸಂಪುಟದ ಒಂಬತ್ತನೇ ಪಾಠವನ್ನು ತೆಗೆದುಕೊಂಡಿದ್ದೇನೆ. ಅದೇ ವಿದ್ಯುತ್ ರಸಾಯನ.

ತಮಿಳುನಾಡಿನಲ್ಲಿ ಈಗಿರುವ ಪ್ಲಸ್ ಟೂ ಪುಸ್ತಕ 2019-20ರಲ್ಲಿ ಬಂದದ್ದು. ಪಾಠ ಕೆಟ್ಟದಾಗಿದೆ ಅನ್ನೋ ಹಾಗಿಲ್ಲ. ದ್ರಾವಣದಲ್ಲಿ ಕರೆಂಟು ಹೇಗೆ ಹರಿಯುತ್ತೆ ಅನ್ನೋದರಿಂದ ಹಿಡಿದು ಡೇನಿಯಲ್ ಕೋಶ, ನರ್ನ್‌ಸ್ಟ್ ಸಮೀಕರಣ, ಫ್ಯಾರಡೆ ನಿಯಮಗಳು, ಬ್ಯಾಟರಿಗಳು, ಕಬ್ಬಿಣದ ತುಕ್ಕಿನವರೆಗೆ ಎಲ್ಲವೂ ಇದೆ. ಗಡಿಯಾಚೆ ಕರ್ನಾಟಕದ ಎರಡನೇ ಪಿಯುಸಿಯಲ್ಲಿ ಓದುವುದು ಎನ್‌ಸಿಇಆರ್‌ಟಿ ಪುಸ್ತಕ. ಅದರಲ್ಲೂ ಸರಕು ಹೆಚ್ಚುಕಡಿಮೆ ಇದೇ. ಹಾಗಾಗಿ ನಾನು ಹೇಳೋ ಮಾತು ಒಂದು ರಾಜ್ಯದ ಒಂದು ಪುಸ್ತಕಕ್ಕೆ ಮಾತ್ರ ಸಲ್ಲುವಂಥದ್ದಲ್ಲ. ಈ ಪಾಠವನ್ನು ನಾವು ಕಲಿಸುವ ರೀತಿಗೆ, ಅದರಲ್ಲೂ ಅದರ ಎರಡು ಪದಗಳಿಗೆ ಸಂಬಂಧಿಸಿದ್ದು.

ಆ ಎರಡು ಪದಗಳು ಆನೋಡ್ ಮತ್ತು ಕ್ಯಾಥೋಡ್. ಕನ್ನಡದಲ್ಲಿ ಬಹುಕಾಲದಿಂದ ಇವನ್ನು ಧನಾಗ್ರ, ಋಣಾಗ್ರ ಅಂತ ಕರೆಯುತ್ತಾ ಬಂದಿದ್ದೇವೆ. ಧನ ಅಂದ್ರೆ ಪ್ಲಸ್, ಋಣ ಅಂದ್ರೆ ಮೈನಸ್, ಅಗ್ರ ಅಂದ್ರೆ ತುದಿ. ತಮಿಳಿನಲ್ಲಿಯೂ ನೇರ್‌ಮಿನ್, ಎದಿರ್‌ಮಿನ್ ಎಂಬ ಮಾತು ಸೇರಿಸಿಯೇ ಈ ಹೆಸರುಗಳನ್ನು ಕಟ್ಟಿದ್ದಾರೆ. ಅರ್ಥ ಅದೇ, ಒಂದು ಪ್ಲಸ್, ಇನ್ನೊಂದು ಮೈನಸ್.

ಹೈಸ್ಕೂಲಿನಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಅಲ್ಲಿ ಮೊದಲು ಸಿಗೋದು ವಿದ್ಯುದ್ವಿಭಜನೆ. ಒಂದು ಪಾತ್ರೆಯಲ್ಲಿ ತಾಮ್ರದ ಸಲ್ಫೇಟ್ ದ್ರಾವಣ, ಎರಡು ತಾಮ್ರದ ಪಟ್ಟಿ, ಹೊರಗಡೆ ಒಂದು ಬ್ಯಾಟರಿ. ಬ್ಯಾಟರಿಯ ಪ್ಲಸ್‌ಗೆ ಕಟ್ಟಿದ ಪಟ್ಟಿ ಆನೋಡ್, ಅದು ಕರಗುತ್ತೆ. ಮೈನಸ್‌ಗೆ ಕಟ್ಟಿದ್ದು ಕ್ಯಾಥೋಡ್, ಅದರ ಮೇಲೆ ತಾಮ್ರ ಕೂಡುತ್ತೆ. ಧನಾಗ್ರ ಅಂದ ಮಗು ಗೆದ್ದಿತು. ಅದೇ ಮಗು ಪ್ಲಸ್ ಟೂಗೆ ಬಂದು ಡೇನಿಯಲ್ ಕೋಶ ಓದುತ್ತೆ. ಸತುವಿನ ಪಟ್ಟಿ ಒಂದು ಕಡೆ, ತಾಮ್ರದ ಪಟ್ಟಿ ಇನ್ನೊಂದು ಕಡೆ. ಇಲ್ಲಿ ಸತು ಆನೋಡ್. ಆದರೆ ಸತುವಿನ ಗುರುತು ಮೈನಸ್! ಕನ್ನಡದಲ್ಲಿ ಹೇಳಹೊರಟರೆ 'ಧನಾಗ್ರ ಋಣವಾಗಿರುತ್ತದೆ' ಅನ್ನಬೇಕಾಗುತ್ತೆ. 'ಬಿಳಿ ಹಸು ಕಪ್ಪಗಿದೆ' ಅಂದ ಹಾಗಾಯ್ತು. ಮಗು ಏನು ಮಾಡಬೇಕು? ಒಂದು ಪಾಠವನ್ನು ನಂಬಬೇಕು, ಇನ್ನೊಂದನ್ನು ಬಾಯಿಪಾಠ ಮಾಡಬೇಕು. ಬಹಳಷ್ಟು ಮಕ್ಕಳು ಮಾಡೋದೂ ಅದನ್ನೇ.

ತಪ್ಪು ಮಗುವಿನದಲ್ಲ, ರಸಾಯನಶಾಸ್ತ್ರದ್ದೂ ಅಲ್ಲ. ಹೆಸರಿಟ್ಟ ರೀತಿಯದ್ದು. ಮೂಲದಲ್ಲಿ ಈ ಪದಗಳಿಗೂ ಪ್ಲಸ್ ಮೈನಸ್‌ಗೂ ಸಂಬಂಧವೇ ಇರಲಿಲ್ಲ. ಮೈಕೇಲ್ ಫ್ಯಾರಡೆ ತನ್ನ ಪ್ರಯೋಗಗಳಿಗೆ ಹೊಸ ಹೆಸರು ಬೇಕಾದಾಗ ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್‌ನನ್ನು ಕೇಳಿದ. ಹ್ಯೂವೆಲ್ ಗ್ರೀಕ್ ಭಾಷೆಯಿಂದ ಪದ ಕೊಟ್ಟ. ಆನೋಡ್ ಅಂದ್ರೆ ಮೇಲೇರುವ ದಾರಿ, ಕ್ಯಾಥೋಡ್ ಅಂದ್ರೆ ಕೆಳಗಿಳಿಯುವ ದಾರಿ. 1834ರಲ್ಲಿ ಫ್ಯಾರಡೆ ಇವನ್ನು ಪ್ರಕಟಿಸಿದ. ದ್ರಾವಣದೊಳಗೆ ಕರೆಂಟು ಪೂರ್ವದಿಂದ ಪಶ್ಚಿಮಕ್ಕೆ ಹರೀತಿದೆ ಅಂತ ಊಹಿಸಿಕೊಂಡರೆ ಆನೋಡ್ ಸೂರ್ಯ ಹುಟ್ಟುವ ಕಡೆ, ಕ್ಯಾಥೋಡ್ ಮುಳುಗುವ ಕಡೆ. ಹೊಲದಲ್ಲಿ ಕೆಲಸ ಮಾಡೋ ಯಾರಿಗೂ ಮೂಡಲು ಪಡುವಲು ಬಿಡಿಸಿ ಹೇಳಬೇಕಾಗಿಲ್ಲ. ಆ ಹೆಸರಿನಲ್ಲಿ ಇದ್ದದ್ದು ದಾರಿ, ದಿಕ್ಕು. ಧನ ಋಣಗಳನ್ನು ಸೇರಿಸಿದ್ದು ನಾವು, ಅನುವಾದ ಮಾಡುವಾಗ.

ಈಗಿನ ರಸಾಯನಶಾಸ್ತ್ರದ ಲೆಕ್ಕದಲ್ಲಿ ಆನೋಡ್ ಅಂದ್ರೆ ಎಲೆಕ್ಟ್ರಾನು ಬಿಟ್ಟುಕೊಡುವ ಕ್ರಿಯೆ ನಡೆಯುವ ಜಾಗ. ಕ್ಯಾಥೋಡ್ ಅಂದ್ರೆ ಎಲೆಕ್ಟ್ರಾನು ತೆಗೆದುಕೊಳ್ಳುವ ಕ್ರಿಯೆ ನಡೆಯುವ ಜಾಗ. ಅಂದರೆ ಇವು ಕೆಲಸದ ಹೆಸರುಗಳು. ಮದುವೆ ಮನೆಯಲ್ಲಿ 'ಬಡಿಸುವವರು' ಅಂತೀವಲ್ಲ, ಹಾಗೆ. ಮೊದಲ ಪಂಕ್ತಿಯಲ್ಲಿ ಬಡಿಸಿದವರು ಎರಡನೇ ಪಂಕ್ತಿಯಲ್ಲಿ ಉಣ್ಣೋಕೆ ಕೂರಬಹುದು. ಆಳು ಅದೇ, ಕೆಲಸ ಬದಲಾಯಿತು, ಹೆಸರೂ ಬದಲಾಯಿತು.

ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಮನೆಗಳಲ್ಲೇ ಇದೆ. ಇನ್ವರ್ಟರಿನ ಸೀಸದ ಬ್ಯಾಟರಿ ನೋಡಿ. ಒಂದು ಬಗೆಯ ಫಲಕ ಬರೀ ಸೀಸ, ಇನ್ನೊಂದು ಬಗೆಯದು ಸೀಸದ ಡೈಆಕ್ಸೈಡ್, ನಡುವೆ ಗಂಧಕಾಮ್ಲ. ಒಂದೊಂದು ಕೋಶ ಸುಮಾರು 2 ವೋಲ್ಟ್, ಆರು ಸೇರಿದರೆ 12. ಕರೆಂಟು ಹೋದಾಗ, ಬ್ಯಾಟರಿ ಖಾಲಿಯಾಗ್ತಾ ಇರುವಾಗ, ಸೀಸದ ಫಲಕ ಎಲೆಕ್ಟ್ರಾನು ಕೊಡುತ್ತೆ. ಆಗ ಅದು ಆನೋಡ್, ಅದರ ಗುರುತು ಮೈನಸ್. ಕರೆಂಟು ಬಂದು ಚಾರ್ಜ್ ಆಗುವಾಗ ಅದೇ ಫಲಕಕ್ಕೆ ಎಲೆಕ್ಟ್ರಾನು ಒಳಗೆ ಬರುತ್ತೆ. ಈಗ ಅದು ಕ್ಯಾಥೋಡ್. ಗುರುತು? ಆಗಲೂ ಮೈನಸ್ಸೇ. ಬ್ಯಾಟರಿಯ ಮೇಲೆ ಒತ್ತಿರುವ ಪ್ಲಸ್ ಮೈನಸ್ ಗುರುತನ್ನು ಕರೆಂಟು ಹೋದಾಗೊಮ್ಮೆ ಬಂದಾಗೊಮ್ಮೆ ಯಾರೂ ಅಳಿಸಿ ಬರೆಯಲ್ಲ. ಫಲಕವೂ ಬದಲಾಗಲಿಲ್ಲ, ಗುರುತೂ ಬದಲಾಗಲಿಲ್ಲ, ಕೆಲಸ ಮಾತ್ರ ತಿರುಗಿತು. 'ಧನಾಗ್ರ' ಎಂಬ ಪದ ಹಿಡಿದುಕೊಂಡ ಮಗು ಇದನ್ನು ಹೇಗೆ ಬಿಡಿಸಿ ಹೇಳುತ್ತೆ?

ಇನ್ನೊಂದು ಜೋಡಿ ಪದವೂ ಇಂಥದ್ದೇ ತೊಡಕು ತರುತ್ತೆ. ಎಲೆಕ್ಟ್ರಾನು ಕಳೆದುಕೊಂಡರೆ ಉತ್ಕರ್ಷಣ, ಪಡೆದುಕೊಂಡರೆ ಅಪಕರ್ಷಣ. ಮಾತಿನ ಕನ್ನಡದಲ್ಲಿ ಉತ್ಕರ್ಷ ಅಂದ್ರೆ ಏಳಿಗೆ. ಕಳೆದುಕೊಂಡವನಿಗೆ ಏಳಿಗೆ, ಪಡೆದವನಿಗೆ ಇಳಿಗೆ ಅಂದ್ರೆ ಯಾರಿಗಾದರೂ ತಲೆ ತಿರುಗುತ್ತೆ. ಎಲೆಕ್ಟ್ರಾನಿನ ಗುರುತು ಮೈನಸ್, ಮೈನಸ್ ಕಳೆದುಕೊಂಡರೆ ಉತ್ಕರ್ಷಣ ಸಂಖ್ಯೆ ಮೇಲೇರುತ್ತೆ, ಅದಕ್ಕೇ ಉತ್ಕರ್ಷಣ. ಸಾಲ ತೀರಿದವನ ಲೆಕ್ಕ ಮೇಲೆ ಬಂದ ಹಾಗೆ. ಈ ಒಂದು ವಾಕ್ಯ ಹೇಳಿಕೊಟ್ಟರೆ ಪದ ತಾನಾಗಿ ನಿಲ್ಲುತ್ತೆ. ಹೇಳದೆ ಬಿಟ್ಟರೆ ಮಗು ಪರೀಕ್ಷೆಯ ಹಿಂದಿನ ರಾತ್ರಿ ಯಾವುದು ಯಾವುದೆಂದು ಪುಟ ತಿರುವುತ್ತಾ ಕೂರುತ್ತೆ.

ಇದು ಬರೀ ಪದದ ಜಗಳ ಅಂತ ಯಾರಾದರೂ ಅನ್ನಬಹುದು. ಅಂಕದ ಲೆಕ್ಕದಲ್ಲೂ ನೋಡೋಣ. ಡೇನಿಯಲ್ ಕೋಶದ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದು. ತಾಮ್ರಕ್ಕೆ 0.34 ವೋಲ್ಟ್, ಸತುವಿಗೆ ಮೈನಸ್ 0.76 ವೋಲ್ಟ್. ಕ್ಯಾಥೋಡಿನದರಿಂದ ಆನೋಡಿನದನ್ನು ಕಳೆಯಬೇಕು. ಮೈನಸ್ಸಿನ ಮೈನಸ್ ಪ್ಲಸ್ ಆಗಿ 1.10 ವೋಲ್ಟ್ ಬರುತ್ತೆ. ಪ್ಲಸ್ ಇರೋದೇ ಆನೋಡ್ ಅಂತ ಹಿಡಿದುಕೊಂಡ ಮಗು ತಿರುಗಾಮುರುಗಾ ಕಳೆದು ಮೈನಸ್ 1.10 ಬರೆಯುತ್ತೆ. ಸೂತ್ರ ಸರಿ, ಕಳೆಯೋದು ಸರಿ, ಉತ್ತರ ತಪ್ಪು. ನರ್ನ್‌ಸ್ಟ್ ಸಮೀಕರಣದ ಲೆಕ್ಕವಿದ್ದರೆ ಅದರ ತಳಪಾಯವೂ ಇದೇ ಆದ್ದರಿಂದ ಮುಂದಿನ ಹೆಜ್ಜೆಗಳೆಲ್ಲ ಕುಸಿಯುತ್ತವೆ. ಗಣಿತ ಬರಲ್ಲ ಅಂತ ಮಗುವಿಗೆ ಹಣೆಪಟ್ಟಿ ಕಟ್ಟುತ್ತೀವಿ. ಗಣಿತ ಅದಕ್ಕೆ ಬರುತ್ತೆ, ಹೆಸರು ದಾರಿ ತಪ್ಪಿಸಿತು.

ಪರೀಕ್ಷೆಯ ಸ್ವರೂಪ ಇದನ್ನು ತಿದ್ದುತ್ತಾ? ಪ್ಲಸ್ ಟೂ ರಸಾಯನದ ಬರವಣಿಗೆಯ ಪತ್ರಿಕೆ 70 ಅಂಕದ್ದು. ಒಂದು ಅಂಕದವು 15, ಎರಡು ಅಂಕದವು ಆರು, ಮೂರು ಅಂಕದವು ಆರು, ಐದು ಅಂಕದವು ಐದು. ಈ ಲೆಕ್ಕ ಗೊತ್ತಿರುವ ಗೈಡುಗಳು ಪಾಠವನ್ನು ಅದೇ ಅಳತೆಗೆ ಕತ್ತರಿಸಿಕೊಡುತ್ತವೆ. ಒಂದು ಪ್ರಶ್ನೆಯ ಕೆಳಗೆ 'ಆನೋಡ್: ಧನ', ನಾಲ್ಕು ಪುಟ ಆಚೆ ಇನ್ನೊಂದು ಪ್ರಶ್ನೆಯ ಕೆಳಗೆ 'ಆನೋಡ್: ಋಣ'. ಎರಡೂ ಸರಿಯೇ. ಎರಡನ್ನೂ ಜೋಡಿಸುವ ಮಾತು ಮಾತ್ರ ಎಲ್ಲೂ ಇರಲ್ಲ. ಗೈಡು ಓದಿ ಪಾಸಾಗಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಬಡವರ ಮನೆ ಮಗುವಿಗೆ ಪಾಸಾಗೋದೇ ದೊಡ್ಡದು ಅಂತ ಮೇಷ್ಟ್ರುಗಳು ಹೇಳೋದನ್ನು ನಾನು ತಳ್ಳಿಹಾಕಲ್ಲ. ಆದರೆ ಹತ್ತು ಉತ್ತರ ಬಾಯಿಪಾಠ ಮಾಡೋದಕ್ಕಿಂತ ಒಂದು ಅರ್ಥ ಹಿಡಿದುಕೊಂಡರೆ ಹೊರೆ ಕಡಿಮೆ. ಪಾಸಾಗುವ ದೃಷ್ಟಿಯಿಂದಲೂ ಅದೇ ಲಾಭ.

ಪಾಠದ ಜೋಡಣೆಯ ಬಗ್ಗೆಯೂ ಒಂದು ಮಾತು. ನಮ್ಮ ಪುಸ್ತಕ ದ್ರಾವಣದ ವಾಹಕತೆಯಿಂದ ಶುರುವಾಗುತ್ತೆ. ಎನ್‌ಸಿಇಆರ್‌ಟಿ ಪುಸ್ತಕ ಕೋಶದಿಂದ ಶುರುವಾಗುತ್ತೆ. ಎರಡರಲ್ಲೂ ಬ್ಯಾಟರಿ ಬರೋದು ಕೊನೆಯ ಕಡೆ, ಅಷ್ಟೊತ್ತಿಗೆ ಮಗುವೂ ದಣಿದಿರುತ್ತೆ, ಮೇಷ್ಟ್ರಿಗೂ ಸಿಲಬಸ್ ಮುಗಿಸೋ ಅವಸರ. ಕೈಯಲ್ಲಿ ಹಿಡಿದು ನೋಡಬಹುದಾದ ವಸ್ತು ಕೊನೆಗೆ, ಕಣ್ಣಿಗೆ ಕಾಣದ್ದು ಮೊದಲಿಗೆ. ಅಡಿಗೆ ಕಲಿಸುವ ಅಮ್ಮ ಮೊದಲು ಅನ್ನದ ಕುದಿ ತೋರಿಸ್ತಾಳೆ, ಆಮೇಲೆ ಅಳತೆ ಹೇಳ್ತಾಳೆ. ಬ್ಯಾಟರಿಯಿಂದ ಶುರುಮಾಡಿ ವಾಹಕತೆಗೆ ಬಂದರೆ ಪಾಠ ಒಂದಿಷ್ಟೂ ಕಡಿಮೆಯಾಗಲ್ಲ. ಪುಸ್ತಕದ ಕ್ರಮವನ್ನು ನಾವು ಬದಲಿಸೋಕಾಗಲ್ಲ, ಕಲಿಸುವ ಕ್ರಮ ಮೇಷ್ಟ್ರ ಕೈಯಲ್ಲೇ ಇದೆ.

ಇದು ಎಲ್ಲ ಊರಿನ ಮಾತಾದರೂ ನಮ್ಮ ಸೀಮೆಯಲ್ಲಿ ಇದರ ತೂಕ ಬೇರೆ. ಹೊಸೂರಿನಲ್ಲಿ ಎಕ್ಸೈಡ್ ಬ್ಯಾಟರಿ ಕಾರ್ಖಾನೆ ಇದೆ. ಏಥರ್, ಟಿವಿಎಸ್ ಕಂಪನಿಗಳ ಕರೆಂಟು ಸ್ಕೂಟರುಗಳು ಹೊಸೂರಿನಲ್ಲೇ ತಯಾರಾಗುತ್ತವೆ. ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿ ಕಡೆ ಓಲಾ ಸ್ಕೂಟರು ಕಾರ್ಖಾನೆಯೂ ಲಿಥಿಯಂ ಅಯಾನು ಕೋಶದ ಘಟಕವೂ ಬಂದಿವೆ. ಟೈಟಾನ್ ವಾಚಿನೊಳಗಿನ ಗುಂಡಿಯಂಥ ಬ್ಯಾಟರಿ, ಬಿಡಿಭಾಗಗಳಿಗೆ ಹಾಕೋ ಪ್ಲೇಟಿಂಗು, ಎಲ್ಲ ಈ ಒಂಬತ್ತನೇ ಪಾಠವೇ. 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಲಿಥಿಯಂ ಅಯಾನು ಬ್ಯಾಟರಿ ಬೆಳೆಸಿದ ಮೂವರಿಗೆ ಹೋಯಿತು. ಈ ವಿದ್ಯೆಗೆಂದೇ ನಮ್ಮ ರಾಜ್ಯದ ಕಾರೈಕುಡಿಯಲ್ಲಿ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆ 1953ರಿಂದ ಕೆಲಸ ಮಾಡ್ತಿದೆ. ಅಳಗಪ್ಪ ಚೆಟ್ಟಿಯಾರ್ 300 ಎಕರೆ ನೆಲ, 15 ಲಕ್ಷ ರೂಪಾಯಿ ಕೊಟ್ಟು ತರಿಸಿಕೊಂಡ ಸಂಸ್ಥೆ ಅದು.

ಕಾರ್ಖಾನೆಯ ಮಾತಿನಲ್ಲೂ ಒಂದು ಸೂಕ್ಷ್ಮ ಇದೆ. ಲಿಥಿಯಂ ಕೋಶ ಮಾಡುವವರು ಗ್ರಾಫೈಟಿನ ಕಡೆಯನ್ನು ಯಾವಾಗಲೂ ಆನೋಡ್ ಅಂತಲೇ ಕರೀತಾರೆ, ಚಾರ್ಜ್ ಆಗುವಾಗಲೂ. ಖಾಲಿಯಾಗುವಾಗಿನ ಕೆಲಸ ನೋಡಿ ಹೆಸರಿಟ್ಟು, ಅದನ್ನೇ ಉಳಿಸಿಕೊಂಡ ರೂಢಿ ಅದು. ಅರ್ಥ ತಿಳಿದ ಹುಡುಗಿ ಅಲ್ಲಿ ಕೆಲಸಕ್ಕೆ ಸೇರಿದರೆ 'ಓ, ಇದು ರೂಢಿಯ ಹೆಸರು' ಅಂತ ಒಂದೇ ದಿನದಲ್ಲಿ ಹಿಡಿಯುತ್ತಾಳೆ. ಗುರುತು ಬಾಯಿಪಾಠ ಮಾಡಿದವಳಿಗೆ ಅದು ಮೂರನೇ ಗೊಂದಲ.

ಭಾಷೆಯ ಹೊರೆಯೂ ನಮ್ಮ ಮಕ್ಕಳಿಗೆ ಹೆಚ್ಚು. ಮನೆಯಲ್ಲಿ ಕನ್ನಡ ಇಲ್ಲವೇ ತೆಲುಗು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹಲವರು ಪ್ಲಸ್ ಒನ್‌ಗೆ ಬರುವಾಗ ತಮಿಳಿಗೋ ಇಂಗ್ಲಿಷಿಗೋ ದಾಟಬೇಕು. ನೀಟ್ ಪರೀಕ್ಷೆ ಕನ್ನಡದಲ್ಲಿ ಬರೀಬೇಕು ಅಂದ್ರೆ ಕರ್ನಾಟಕದ ಕೇಂದ್ರವನ್ನೇ ಆರಿಸಿಕೊಳ್ಳಬೇಕು. ಹದಿನಾರು ವಯಸ್ಸಿನ ಮಗು ಧನಾಗ್ರದಿಂದ ನೇರ್‌ಮಿನ್‌ಗೆ, ಅಲ್ಲಿಂದ ಆನೋಡ್‌ಗೆ ಹೆಸರು ಹೊತ್ತು ನಡೆಯುತ್ತೆ. ಹೊರೆಯಲ್ಲಿ ಅರ್ಥ ಇದ್ದರೆ ಯಾವ ಭಾಷೆಗಾದರೂ ಸಾಗಿಸಬಹುದು.

'ಮೊದಲಿಂದ ಇಂಗ್ಲಿಷಿನಲ್ಲೇ ಓದಿಸಿಬಿಟ್ರೆ ಮುಗೀತಲ್ಲ' ಅನ್ನೋರು ಇದ್ದಾರೆ. ನನಗೆ ಹಾಗನ್ನಿಸಲ್ಲ. ಇಂಗ್ಲಿಷ್ ಮಾಧ್ಯಮದ ಮಗುವಿಗೂ ಆನೋಡ್ ಅನ್ನೋದು ಅರ್ಥವಿಲ್ಲದ ಗ್ರೀಕ್ ಪದವೇ. ಅಲ್ಲೂ 'ಆನೋಡ್ ಪಾಸಿಟಿವ್' ಅಂತ ಬಾಯಿಪಾಠ ಮಾಡ್ತಾರೆ, ಅಲ್ಲೂ ಅದೇ ಜಾಗದಲ್ಲಿ ಎಡವುತ್ತಾರೆ. ಸರಿಯಾದ ಕನ್ನಡ ಮಾತು ಸಿಕ್ಕರೆ ನಮ್ಮ ಮಗುವಿಗೇ ಅನುಕೂಲ ಹೆಚ್ಚು.

ಆ ಮಾತು ನಮ್ಮಲ್ಲಿ ಇದೆ. ಕೊಡುಕೊಳೆ. ಸಂತೆಯಲ್ಲಿ, ನೆಂಟಸ್ತನದಲ್ಲಿ ದಿನಾ ಆಡೋ ಮಾತು. ಎಲೆಕ್ಟ್ರಾನು ಕೊಡುವ ಕಡೆ ಆನೋಡ್, ಕೊಳ್ಳುವ ಕಡೆ ಕ್ಯಾಥೋಡ್. ಕೊಳ್ಳುವುದರ 'ಕ', ಕ್ಯಾಥೋಡಿನ 'ಕ' ಎರಡೂ ಕೂಡುತ್ತವೆ, ನೆನಪಿಗೆ ಅಷ್ಟು ಸಾಕು. ಡೇನಿಯಲ್ ಕೋಶಕ್ಕೂ ಸರಿ, ತಾಮ್ರದ ಲೇಪನಕ್ಕೂ ಸರಿ, ಚಾರ್ಜಿಗೆ ಹಾಕಿದ ಸ್ಕೂಟರಿಗೂ ಸರಿ. ಉತ್ತರಪತ್ರಿಕೆಯಲ್ಲಿ ಆನೋಡ್, ಕ್ಯಾಥೋಡ್ ಅಂತಲೇ ಬರೆಯಲಿ, ಮನಸ್ಸಿನಲ್ಲಿ ಕೊಡುವ ಕಡೆ, ಕೊಳ್ಳುವ ಕಡೆ ಇರಲಿ. ಧನ ಋಣಗಳನ್ನು ಫಲಕದ ಗುರುತಿಗೆ ಮಾತ್ರ ಬಿಡೋಣ.

ಹೊಸ ಮಾತು ಕಟ್ಟೋದು ದೊಡ್ಡವರ ಕೆಲಸ, ನಮ್ಮಂಥ ಹಳ್ಳಿಯವರದ್ದಲ್ಲ ಅಂತ ಹಿಂಜರಿಯಬೇಕಾಗಿಲ್ಲ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರನ್ನು ನಾವು ರಾಜಕಾರಣಿಯೆಂದೇ ನೆನೆಯುತ್ತೇವೆ. ಅವರು 1916ರಲ್ಲಿ ರಸಾಯನ, ಭೌತ, ಸಸ್ಯಶಾಸ್ತ್ರಗಳ ಪದಗಳನ್ನು ತಮಿಳಿನಲ್ಲಿ ಕಟ್ಟುವುದಕ್ಕೆಂದೇ ಒಂದು ಸಂಘ ಮಾಡಿದ್ದರು. ಆಮೇಲೆ ರಸಾಯನಶಾಸ್ತ್ರವನ್ನು ಮನೆ ಮುಂದಿನ ಜಗುಲಿಯ ಮಾತಿನಲ್ಲಿ ಹೇಳುವ 'ತಿಣ್ಣೈ ರಸಾಯನಂ' ಎಂಬ ಪುಸ್ತಕ ಬರೆದರು. ತಿಣ್ಣೈ ಅಂದ್ರೆ ನಮ್ಮ ಜಗುಲಿಯೇ. ಆ ಸಂಘ ಹುಟ್ಟಿದ ಎರಡು ವರ್ಷಕ್ಕೆ, 1918ರಲ್ಲಿ, ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕನ್ನಡದಲ್ಲಿ 'ವಿಜ್ಞಾನ' ಮಾಸಪತ್ರಿಕೆ ತಂದರು. ಗಡಿಯ ಎರಡೂ ಕಡೆ ಒಂದೇ ಕಾಲದಲ್ಲಿ ಒಂದೇ ಚಿಂತೆ. ಅವರು ಪದ ಕಟ್ಟಿಕೊಟ್ಟರು, ಆ ಋಣ ದೊಡ್ಡದು. ಕಟ್ಟಿದ ಪದ ಈಗಿನ ಪಾಠಕ್ಕೆ ಹೊಂದುತ್ತಾ ಅಂತ ತೂಗಿ ನೋಡೋದು ನಮ್ಮ ಪಾಲಿಗೆ ಬಿಟ್ಟ ಕೆಲಸ.

ಈ ವರ್ಷ ಪರೀಕ್ಷೆಗೆ ಕೂರುವ ಮಕ್ಕಳಿಗೆ ಏನು ಮಾಡಬಹುದು? ಮೊದಲನೆಯದಾಗಿ, ಯಾವ ಕೋಶ ಕೊಟ್ಟರೂ ಲೆಕ್ಕಕ್ಕೆ ಮೊದಲು ಎರಡು ಸಾಲು ಬರೆಯುವ ಅಭ್ಯಾಸ: ಯಾವುದು ಎಲೆಕ್ಟ್ರಾನು ಕೊಡ್ತು, ಯಾವುದು ಕೊಂಡ್ಕೊಳ್ತು. ಅದಾದ ಮೇಲೆಯೇ ಸೂತ್ರ. ಎರಡನೆಯದಾಗಿ, ಗುರುತಿಗೆ ಬೇರೆ ಪ್ರಶ್ನೆ: ಈ ಕೋಶ ಕರೆಂಟು ಕೊಡ್ತಿದೆಯೋ, ತಗೊಳ್ತಿದೆಯೋ? ಕೊಡ್ತಿದ್ದರೆ ಆನೋಡ್ ಮೈನಸ್, ತಗೊಳ್ತಿದ್ದರೆ ಆನೋಡ್ ಪ್ಲಸ್. ಮೂರನೆಯದಾಗಿ, ಫ್ಯಾರಡೆ ಲೆಕ್ಕವನ್ನು ಮನೆಯ ವಸ್ತುವಿನ ಮೇಲೆ ಒಮ್ಮೆ ಮಾಡಿಸುವುದು.

ಉದಾಹರಣೆಗೆ 150 ಆಂಪಿಯರ್ ಅವರ್ ಅಂತ ಬರೆದಿರುವ ಇನ್ವರ್ಟರ್ ಬ್ಯಾಟರಿ. ಒಂದು ಗಂಟೆಗೆ 3,600 ಸೆಕೆಂಡು, ಹಾಗಾಗಿ 150 × 3,600 = 5,40,000 ಕೂಲಂಬ್. ಒಂದು ಮೋಲ್ ಎಲೆಕ್ಟ್ರಾನಿಗೆ 96,500 ಕೂಲಂಬ್, ಆದ್ದರಿಂದ ಸುಮಾರು 5.6 ಮೋಲ್ ಎಲೆಕ್ಟ್ರಾನು. ಸೀಸದ ಪ್ರತಿ ಪರಮಾಣು ಎರಡು ಎಲೆಕ್ಟ್ರಾನು ಕೊಡುತ್ತೆ, ಅಂದ್ರೆ 2.8 ಮೋಲ್ ಸೀಸ. ಒಂದು ಮೋಲ್ ಸೀಸ 207 ಗ್ರಾಂ. ಒಟ್ಟು ಸುಮಾರು 580 ಗ್ರಾಂ. ಬ್ಯಾಟರಿ ಪೂರ್ತಿ ಖಾಲಿಯಾಗುವಷ್ಟರಲ್ಲಿ ಒಂದೊಂದು ಕೋಶದ ಕೊಡುವ ಕಡೆ ಅರ್ಧ ಕಿಲೋಗಿಂತ ಹೆಚ್ಚು ಸೀಸ ಸಲ್ಫೇಟಾಗಿ ಬದಲಾಗಿರುತ್ತೆ. ಆರು ಕೋಶಕ್ಕೆ ಮೂರೂವರೆ ಕಿಲೋ. ಇಷ್ಟು ಮಾಡಿದ ಮಗು ಆ ಬ್ಯಾಟರಿ ಎತ್ತೋಕೆ ಇಬ್ಬರು ಯಾಕೆ ಬೇಕು ಅಂತಲೂ ಊಹಿಸಬಲ್ಲುದು, ಪರೀಕ್ಷೆಯಲ್ಲಿ ಬೆಳ್ಳಿ, ತಾಮ್ರ ಏನು ಕೊಟ್ಟರೂ ಹೆದರಲ್ಲ. ಒಂದು ಎಚ್ಚರ ಮಾತ್ರ: ಲೆಕ್ಕ ಹಾಳೆಯ ಮೇಲೆ ಮಾಡಲಿ, ಬ್ಯಾಟರಿಯ ಮುಚ್ಚಳ ತೆಗೆಯೋದು ಬೇಡ. ಒಳಗಿರೋದು ಗಂಧಕಾಮ್ಲ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಕಿಡಿ ತಾಗಿದರೆ ಸಿಡಿಯುತ್ತೆ.

ನಮ್ಮ ಊರುಗಳ ಮೇಷ್ಟ್ರು, ಮೇಡಂಗಳಲ್ಲಿ ಒಂದು ಕೋರಿಕೆ. ಈ ಪಾಠದ ಪದಗಳನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರು ಸಾಲಿನಲ್ಲಿ ಬರೆದು, ನಾಲ್ಕನೇ ಸಾಲಿನಲ್ಲಿ 'ಇದು ಮಾಡೋ ಕೆಲಸವೇನು' ಅಂತ ಸೇರಿಸಿ ಒಂದು ದೊಡ್ಡ ಹಾಳೆ ಮಾಡಿಕೊಡಿ. ಇಪ್ಪತ್ತು ಪದ ಆದರೆ ಹೆಚ್ಚು. ವಾಚನಾಲಯದ ಗೋಡೆಯಲ್ಲಿ ಪಂಚಾಂಗದ ಪಕ್ಕ ಜಾಗ ಇದೆ. ಆನೋಡ್ ಎದುರಿಗೆ 'ಧನ' ಅಂತ ಮಾತ್ರ ಬರೆಯಬೇಡಿ.